ಕಪ್ಪು

ಶನಿವಾರ ಸಂಜೀಕ ಐದೂ ನಲವತ್ತಕ್ಕ
ಸೋತೆವು.
ಸೋತೆವು ಅಂತೀನಿ ನೋಡ್ರಿ, ನಾ ಆಡಿದವನಲ್ಲ,
ಕೋಟಿ ಕಾಲೇಜಿನಾಗ ಓದಿದವನೂ ಅಲ್ಲ,
ಏಳನೇತ್ತಕ್ಕ ಸಾಲಿ ಬಿಟ್ಟು ಉಳಿ ಹಿಡಿದವ.
ಆ ಗೇಟು ದಾಟೋದು ವರ್ಷಕ್ಕ ಒಂದೇ ಸಲ,
ಸ್ಟೇಷನ್ ಕಾಲೇಜಿನವರು ಟ್ರ್ಯಾಕ್ಟರ್ ತುಂಬ
ಹಲಗಿ ಬಡಕೋತ ಬರೋ ದಿನ.
ಆದರೂ ಇಪ್ಪತ್ತೆರಡು ವರ್ಷದಿಂದ
ನನ್ನ ಬಾಯಾಗ ಅದು ನಮ್ಮ ಕಾಲೇಜು.

ಹತ್ತು ನಿಮಿಷ ಉಳಿದಿತ್ತು, ಒಂದಕ್ಕ ಒಂದು.
ಅವರ ಒಂಬತ್ತು ನಂಬರಿನ ಸೊಟ್ಟಗಾಲಿನ ಹುಡುಗ
ಒದ್ದ ಚೆಂಡಿನಾಗ ಜೀವನೇ ಇರಲಿಲ್ಲ,
ದೇವರಾಣಿ, ನಮ್ಮ ಓಣಿ ಆಕಳೂ ಹಿಡೀತಿತ್ತು.
ನಮ್ಮ ಗೋಲಿ ಝರೆಪ್ಪ ಮೊಣಕಾಲೂರಿ ಕುಂತಿದ್ದ
ಎರಡೂ ಕೈ ಬೊಗಸಿ ಮಾಡಿ,
ಪ್ರಸಾದ ತೊಗೊಳ್ಳೋರಂಗ.
ನಡುವ ಒಂದು ಮುರಕಲ್ಲು.
ಚೆಂಡು ಜಿಗಿದು, ಅವನ ಹೆಗಲು ಸವರಿ
ಒಳಗ ಹೋಯ್ತು.
ಕೆಂಪು ಧೂಳಿನಾಗ ಬಹಳ ಹೊತ್ತು
ಯಾರ ಮಾರಿನೂ ಕಾಣಲಿಲ್ಲ. ಅಷ್ಟೇ ಪುಣ್ಯ.

ರಾತ್ರಿ ರೊಟ್ಟಿ ಇಳೀಲಿಲ್ಲ.
'ಯಾರರೆ ಸತ್ತಾರೇನು?' ಅಂದಳು ಹೆಂಡತಿ.
ಮಗಳು ಪುಸ್ತಕದಿಂದ ತಲಿ ಎತ್ತಿ,
'ಇದರಾಗ ಕಪ್ಪು ಅಂದ್ರ ಕರೀ ಬಣ್ಣಂತ, ಅಪ್ಪಾ' ಅಂದಳು.
ಅಕಿ ಬೇಕಂತೇ ಅಂದಳೋ ಏನೋ.
ಕಣ್ಣು ಮುಚ್ಚಿದರ ಅದೇ ಚೆಂಡು.
ಪ್ರತಿ ಸಲ ಝರೆಪ್ಪ ಹಿಡಿದ.
ಪ್ರತಿ ಸಲ ಎಚ್ಚರಾಯ್ತು.

ಐತವಾರ ನಸುಕಿನಾಗ ಮೈದಾನಕ್ಕ ಹೋದೆ
ಆ ಕಲ್ಲು ಹುಡುಕಲಾಕ.
ನಗಬ್ಯಾಡ್ರಿ.
ಚಪ್ಪಲಿ ಬಿಟ್ಟು, ಗೋಲಿನ ಮುಂದ ಅಂಗಾಲಿಲೆ ತಡವಿದೆ.
ಒಂದಲ್ಲ, ನೂರು ಕಲ್ಲು.
ಆ ಕಡಿ ಗೋಲಿನ ಮುಂದೂ ನೂರು.
ಆಗ ನೆನಪಾಯ್ತು, ಆಗಬಾರದಿತ್ತು:
ನಮ್ಮ ಗೋಲೂ ಕಲ್ಲಿಗೆ ಬಡಿದೇ ಒಳಗ ಹೋಗಿತ್ತು.
ಅವತ್ತು ನಾ ಅದಕ್ಕ ಕಲ್ಲು ಅಂದಿರಲಿಲ್ಲ,
ಆಟ ಅಂದಿದ್ದೆ.

'ವೈಜು ಕಾಕಾ, ಏನರೆ ಕಳಕೊಂಡೀರೇನು?'
ಕಾಂಪೌಂಡ್ ಗೋಡಿ ಮ್ಯಾಲ ಝರೆಪ್ಪ,
ನಿನ್ನಿನ ಅಂಗಿ ಮ್ಯಾಲೇ ಇದ್ದ.
'ಅಂಗಿ ಗುಂಡಿ' ಅಂದೆ, ಸುಳ್ಳು.
ಹುಡುಗ ಇಳಿದು ಬಂದ,
ನನ್ನ ಜೊತಿ ಕುಕ್ಕರಗಾಲಿಲೆ ಹುಡುಕಿದ, ಬಿಸಲು ಏರೋತನ.
ನಿನ್ನಿನ ಮಾತು ಅವನೂ ತೆಗೀಲಿಲ್ಲ, ನಾನೂ ತೆಗೀಲಿಲ್ಲ.
ಕಡೀಕ ಯಾರದೋ ಒಂದು ಬಿಳಿ ಗುಂಡಿ ಸಿಕ್ಕಿತು.
'ಇದೇ ಏನು?'
ಇದೇ, ಅಂದೆ.

ಘಾಳೆಪ್ಪನ ಕಟಿಂಗ್ ಅಂಗಡಿಗೆ ಹೋಗಲಿಲ್ಲ.
ಅವ ಸ್ಟೇಷನ್ ಕಡಿಯವ, ಕೈಯಾಗ ಕತ್ತಿ ಹಿಡಿದು ನಗತಾನ.
ಗಡ್ಡ ಬೆಳೀಲಿ ಒಂದು ವಾರ.

ಸೋಮವಾರ ಜವಾನ ಸಾಯಿಬಣ್ಣ
ಗೋಣಿಚೀಲದಾಗ ಕಪ್ಪು ತಂದಿಟ್ಟ: ಹೆಸರು ಕೂಡಿಸಬೇಕು.
ನಮ್ಮಪ್ಪ ಎರಕ ಹೊಯ್ದ ಬಿದರಿ ಕಪ್ಪಿದು,
ಹೊಟ್ಟಿ ಸುತ್ತ ಮೂವತ್ತೊಂದು ವರ್ಷ.
ನಾವು ಗೆದ್ದ ಸಲ, ಯಾರಿಗೂ ಹೇಳಿಲ್ಲ,
ಬೆಳ್ಳಿ ತಂತಿ ಕೂದಲೆಳಿಯಷ್ಟು ದಪ್ಪ ಕೂಡಿಸೀನಿ.
ಕಣ್ಣಿಗೆ ಕಾಣಂಗಿಲ್ಲ, ಬೆರಳಾಡಿಸಿದರ ತಿಳೀತದ.
ಅಪ್ಪ ಬರದ ಹೆಸರಿನ ಮ್ಯಾಲ ಬೆರಳಾಡಿಸಿದೆ.
ನಮ್ಮದೂ ಅವರದೂ ಒಂದೇ ದಪ್ಪ.
ಅವನೂ ಕೋಟಿ ಕಡಿಯವನೇ ಇದ್ದ,
ಸೋತ ದಿನ ಮನ್ಯಾಗ ಗಡಿಗಿ ಒಡೀತಿದ್ದ.

ಸ್ಟೇ ಕೊರೆಯೋದು ಬಲು ತ್ರಾಸು, ಒತ್ತು, ಮ್ಯಾಲ ದೀರ್ಘ.
ತಂತಿ ಬಡಿದು ಕೂಡಿಸಿದೆ.
ಎಷ್ಟು ದಪ್ಪ ಅಂತ ಕೇಳಬ್ಯಾಡ್ರಿ.
ಕೋಟಿ ಒಳಗಿನ ಮಣ್ಣು, ಬಿಸಲು ಮಳಿ ಕಾಣದ್ದು,
ನಾಲಿಗಿಗೆ ಹಚ್ಚಿ ನೋಡಿ, ನವಸಾಗರ ಕೂಡಿಸಿ ಕುದಿಸಿ
ಕಪ್ಪು ಅದರಾಗ ಅದ್ದಿದೆ.
ಎಲ್ಲಾ ಕರಿ ಆಯ್ತು.
ಹೆಸರು ಆಗಲಿಲ್ಲ.

'ರೊಕ್ಕ ಎಷ್ಟು?' ಅಂದ ಸಾಯಿಬಣ್ಣ.
ಮೈದಾನದಾಗಿನ ಕಲ್ಲು ಆರಿಸಲಾಕ ಹೇಳು ಸಾಹೇಬರಿಗೆ, ಅಂದೆ,
ಎರಡೂ ಕಡಿದು.

ಅವ ಓಣಿ ತಿರುಗಿದ ಮ್ಯಾಲ ಅನಿಸಿತು,
ರೊಕ್ಕನೂ ತೊಗೋಬೇಕಿತ್ತು.